ಕೂಸು ಏನೋ ನುಂಗಿತು: ಯಾವಾಗ ಓಡಬೇಕು, ಎಲ್ಲಿಗೆ ಓಡಬೇಕು

ಹೊಸ ಮಾದರಿಯ ಒಂದು ರೂಪಾಯಿ ನಾಣ್ಯದ ಅಗಲ 20 ಮಿ.ಮೀ. ಸಿಆರ್2032 ಎಂಬ ಬಟನ್ ಸೆಲ್ಲಿನ ಅಗಲವೂ 20 ಮಿ.ಮೀ. ಎರಡೂ ಬೆಳ್ಳಗೆ, ದುಂಡಗೆ, ನುಣ್ಣಗೆ. ಎರಡು ವರ್ಷದ ಕೂಸಿನ ಪಾಲಿಗೆ ಎರಡೂ ಒಂದೇ. ಅನ್ನನಾಳದಲ್ಲಿ ಸಿಕ್ಕಿಕೊಂಡ ಮೇಲೆ ಮಾತ್ರ ನಾಣ್ಯ ಸುಮ್ಮನೆ ಕೂರುತ್ತದೆ, ಸೆಲ್ಲು ಎರಡೇ ತಾಸಿನಲ್ಲಿ ಒಳಪದರವನ್ನು ಸುಟ್ಟು ಹಾಕುತ್ತದೆ.

ನಮ್ಮ ಕಡೆ ಕೂಸು ರೂಪಾಯಿ ನುಂಗಿತೆಂದರೆ ಓಣಿಗೆ ಓಣಿಯೇ ಸೇರುತ್ತದೆ, ನಡುರಾತ್ರಿಯಲ್ಲೂ ಗಾಡಿ ಸಿಗುತ್ತದೆ. ಅದೇ ಶೇಂಗಾ ಕಾಳು ಶ್ವಾಸನಾಳಕ್ಕೆ ಹೋಗಿ ಕೂತ ಮಗುವಿಗೆ ಹದಿನೈದು ದಿನ ಕೆಮ್ಮಿನ ಔಷಧಿ ಕುಡಿಸುತ್ತಾರೆ. ಬಸುರಿಯ ಕಬ್ಬಿಣದ ಗುಳಿಗೆಯ ಸ್ಟ್ರಿಪ್ ಖಾಲಿ ಮಾಡಿದ ಕೂಸನ್ನು 'ಶಕ್ತಿ ಗುಳಿಗಿ ಅಲ್ಲೇನ್ರಿ, ಏನಾಗಲ್ಲ' ಎಂದು ಮಲಗಿಸುತ್ತಾರೆ. ಗಾಬರಿಗೇನೂ ಕೊರತೆಯಿಲ್ಲ, ಅದು ಹೋಗುವ ಕಡೆ ತಪ್ಪು. ಇನ್ನೊಂದು ಎಡವಟ್ಟೆಂದರೆ ಎಲ್ಲದಕ್ಕೂ ಒಂದೇ ಮದ್ದು: ವಾಂತಿ ಮಾಡಿಸು, ಬಾಳೆಹಣ್ಣು ತಿನ್ನಿಸು, ಉಪ್ಪುನೀರು ಕುಡಿಸು. ಈ ಮೂರರಲ್ಲಿ ಯಾವುದೂ ಇಲ್ಲಿ ಹೇಳಲಿರುವ ಯಾವ ಪ್ರಸಂಗಕ್ಕೂ ಹೊಂದುವುದಿಲ್ಲ.

ಮೊದಲು ನಾಣ್ಯದ ವಿಚಾರ ಮುಗಿಸೋಣ. ನುಂಗಿದ ನಾಣ್ಯ ಹೊಟ್ಟೆಗೆ ಇಳಿದಿದ್ದರೆ ಬಹುಪಾಲು ನಾಲ್ಕಾರು ದಿನದಲ್ಲಿ ಮಲದ ಜೊತೆ ಹೊರಬೀಳುತ್ತದೆ, ಅಪರೂಪಕ್ಕೆ ಮೂರ್ನಾಲ್ಕು ವಾರ ಹಿಡಿಯುತ್ತದೆ. ತೊಂದರೆ ಇರುವುದು ಅದು ಅನ್ನನಾಳದಲ್ಲೇ ನಿಂತರೆ. ನಿಲ್ಲುವ ಜಾಗ ಮೂರು: ಕೊರಳ ಬುಡದಲ್ಲಿ ಅನ್ನನಾಳ ಶುರುವಾಗುವಲ್ಲಿ, ಎದೆಯಲ್ಲಿ ಮಹಾಧಮನಿ ಬಾಗಿ ಒತ್ತುವಲ್ಲಿ, ಹೊಟ್ಟೆಯ ಬಾಗಿಲಲ್ಲಿ. ಹೆಚ್ಚಿನವು ಕೊರಳ ಬುಡದಲ್ಲೇ ನಿಲ್ಲುತ್ತವೆ. 5 ವರ್ಷದೊಳಗಿನ ಮಕ್ಕಳಲ್ಲಿ 23.5 ಮಿ.ಮೀ.ಗಿಂತ ಅಗಲದ ನಾಣ್ಯ ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಹೊಸ ಸರಣಿಯ 5 ರೂಪಾಯಿ 25 ಮಿ.ಮೀ., 10 ಮತ್ತು 20 ರೂಪಾಯಿ 27 ಮಿ.ಮೀ. ಇವೆ. ಜೊಲ್ಲು ಸುರಿಯುವುದು, ನೀರೂ ಬೇಡವೆನ್ನುವುದು, ಕೊರಳು ಹಿಡಿದು ಅಳುವುದು, ಕುಡಿದದ್ದು ಹಾಗೇ ಹೊರಬರುವುದು, ಉಸಿರಿಗೆ ಕಷ್ಟ — ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿಯೇ ತೆಗೆಸಬೇಕು. ಏನೂ ಇಲ್ಲದೆ ಮಗು ಆಡಿಕೊಂಡಿದ್ದರೆ ವೈದ್ಯರು 24 ತಾಸಿನವರೆಗೂ ಕಾದು ನೋಡುತ್ತಾರೆ. ಎಷ್ಟೋ ಸಲ ಅದು ತಾನಾಗಿ ಜಾರಿ ಹೊಟ್ಟೆಗೆ ಇಳಿಯುತ್ತದೆ.

'ಬಾಳೆಹಣ್ಣು ತಿನ್ನಸ್ರಿ, ಜಾರಿ ಹೊಕ್ಕೈತಿ' ಎನ್ನುವ ಸಲಹೆ ನೆರೆಮನೆಯಿಂದ ಬಂದೇ ಬರುತ್ತದೆ. ಸಿಕ್ಕಿಕೊಂಡ ನಾಣ್ಯದ ಮೇಲೆ ಹಣ್ಣು ತುರುಕಿದರೆ ಅದು ನಾಣ್ಯದ ಮೇಲೆಯೇ ಕೂರುತ್ತದೆ, ವಾಂತಿಯಾದಾಗ ಶ್ವಾಸಕೋಶಕ್ಕೆ ಹೋಗುತ್ತದೆ. ಜೊತೆಗೆ ಇನ್ನೊಂದು ನಷ್ಟವಿದೆ. ಅರಿವಳಿಕೆ ಕೊಡಲು ಗಟ್ಟಿ ಆಹಾರ ತಿಂದು 6 ತಾಸು ಕಳೆದಿರಬೇಕು. ಮನೆಯಲ್ಲಿ ತಿನ್ನಿಸಿದ ಅರ್ಧ ಬಾಳೆಹಣ್ಣಿನಿಂದಾಗಿ ಆಸ್ಪತ್ರೆಯಲ್ಲಿ ಆರು ತಾಸು ಕಾಯಬೇಕಾಗುತ್ತದೆ.

ಮಗು ಆರಾಮಾಗಿದ್ದರೂ ಎಕ್ಸ್‌ರೇ ಮಾತ್ರ ಅದೇ ದಿನ ಆಗಬೇಕು. ನುಂಗಿದ್ದು ರೂಪಾಯಿಯೇ ಎನ್ನುವುದಕ್ಕೆ ಮನೆಯವರ ಊಹೆ ಬಿಟ್ಟರೆ ಸಾಕ್ಷಿ ಇರುವುದಿಲ್ಲ. ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ಸಮನೆ ಬಿಳಿ ಬಿಲ್ಲೆಯಾಗಿ ಕಾಣುತ್ತದೆ. ಸೆಲ್ಲಿಗೆ ಅಂಚಿನೊಳಗೆ ಇನ್ನೊಂದು ಉಂಗುರ ಕಾಣುತ್ತದೆ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಮೆಟ್ಟಿಲಿನಂಥ ಅಂಚು ಇರುತ್ತದೆ. ಆದ್ದರಿಂದ ಚಿತ್ರ ಎರಡು ಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಎದೆಯದಷ್ಟೇ ತೆಗೆದು 'ಏನೂ ಇಲ್ಲ' ಎಂದು ಕಳಿಸಿದರೆ ವಸ್ತು ಕೊರಳಲ್ಲೋ ಕೆಳಹೊಟ್ಟೆಯಲ್ಲೋ ಉಳಿದಿರಬಹುದು. ಬಾಯಿಯಿಂದ ಕುಂಡೆಯವರೆಗೆ ತೆಗೆಯಿರಿ ಎಂದು ಕೇಳಲು ಸಂಕೋಚ ಬೇಡ. ಪ್ಲಾಸ್ಟಿಕ್, ಕಟ್ಟಿಗೆ, ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಸೆಲ್ಲು ಏಕೆ ಬೇರೆ

ಆಸಿಡ್ ಸೋರಿ ಸುಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಡೆಯುವುದು ಬೇರೆ. ಸೆಲ್ಲಿನ ಎರಡು ಮುಖಗಳ ನಡುವೆ ಅನ್ನನಾಳದ ಒದ್ದೆ ಪದರ ತಂತಿಯ ಕೆಲಸ ಮಾಡುತ್ತದೆ, ಕರೆಂಟು ಹರಿಯುತ್ತದೆ, ಋಣ ಧ್ರುವದ ಬದಿಯಲ್ಲಿ ನೀರು ಒಡೆದು ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಅಂದರೆ ಸೆಲ್ಲು ಒಡೆಯಬೇಕಿಲ್ಲ, ಸೋರಬೇಕಿಲ್ಲ. ಸುಡಲು 1.2 ವೋಲ್ಟ್ ಸಾಕು. ಯಂತ್ರ ನಡೆಸಲು ಕಸುವಿಲ್ಲವೆಂದು ಎಸೆದ 3 ವೋಲ್ಟಿನ ಸೆಲ್ಲಿನಲ್ಲಿ ಅದಕ್ಕಿಂತ ಹೆಚ್ಚೇ ಉಳಿದಿರುತ್ತದೆ. 'ಸತ್ತ' ಸೆಲ್ಲನ್ನು ಕಿಟಕಿಯ ಮೇಲೆ ಇಡುವ ರೂಢಿ ಬಿಡಬೇಕಾದದ್ದು ಇದಕ್ಕೇ.

ಇದು ಮನೆಯಲ್ಲಿ ಎಲ್ಲೆಲ್ಲಿ ಇರುತ್ತದೆ? ಅಜ್ಜನ ಸಕ್ಕರೆ ನೋಡುವ ಗ್ಲೂಕೋಮೀಟರಿನಲ್ಲಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಕಾರಿನ ಕೀಲಿಯಲ್ಲಿ, ದೇವರ ಮುಂದಿನ ಎಲ್‌ಇಡಿ ದೀಪದಲ್ಲಿ, ಸಣ್ಣ ರಿಮೋಟುಗಳಲ್ಲಿ. ಜಾತ್ರೆಯ ಬೆಳಕಿನ ಆಟಿಕೆಗಳಲ್ಲಂತೂ ಇದ್ದೇ ಇರುತ್ತದೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲೋ ಬನಶಂಕರಿ ಜಾತ್ರೆಯಲ್ಲೋ ಕೈಗಾಡಿಯ ಮುಂದೆ ನಿಂತು ಆ ಗುರುತು ಹುಡುಕುವವರು ಎಷ್ಟು ಮಂದಿ? ಗುರುತು ಸಿಗದಿದ್ದರೆ ಒಂದನ್ನಾದರೂ ನೋಡಿ: ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ. ಉಗುರಿನಿಂದ ತೆಗೆಯಲು ಬಂದರೆ ಅದು ಮಕ್ಕಳ ಆಟಿಕೆಯಲ್ಲ.

ಸೆಲ್ಲು ನುಂಗಿದ ಶಂಕೆ ಇದ್ದರೆ ಮಾಡಬೇಕಾದದ್ದು ಹೀಗೆ. ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಿ 12 ತಾಸು ಆಗಿಲ್ಲ, ಗುಟುಕು ಒಳಗೆ ಇಳಿಯುತ್ತಿದೆ ಎಂದರೆ ಎರಡು ಟೀ ಚಮಚ, ಅಂದರೆ 10 ಮಿಲಿ ಜೇನುತುಪ್ಪವನ್ನು ಹತ್ತು ನಿಮಿಷಕ್ಕೊಮ್ಮೆ ಕೊಡುತ್ತ ಹೋಗಿ, ಒಟ್ಟು ಆರು ಸಲ ಮೀರದಂತೆ. ಜೇನು ಸೆಲ್ಲಿನ ಸುತ್ತ ಪದರ ಕಟ್ಟಿ, ತನ್ನ ಹುಳಿಯಿಂದ ಕ್ಷಾರವನ್ನು ತಗ್ಗಿಸಿ ಸ್ವಲ್ಪ ಸಮಯ ಗಳಿಸಿಕೊಡುತ್ತದೆ, ಅಷ್ಟೇ. ಕುಡಿಸುವುದು ಗಾಡಿಯಲ್ಲಿ, ಮನೆಯಲ್ಲಿ ಕೂತು ಅಲ್ಲ. ಜೇನು ಇಲ್ಲದಿದ್ದರೆ ಹುಡುಕಲು ಹೋಗಬೇಡಿ, ಬೆಲ್ಲದ ಪಾಕ ಅದರ ಬದಲಿಯಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ, ಬೊಟುಲಿಸಂ ಎಂಬ ಬೇರೆಯೇ ಅಪಾಯವಿದೆ. ಜೇನು ಬಿಟ್ಟು ಅನ್ನ, ನೀರು ಏನೂ ಕೊಡಬಾರದು.

ಅದೇ ಯಂತ್ರದ ಇನ್ನೊಂದು ಸೆಲ್ಲು ಅಥವಾ ಅದರ ಪೊಟ್ಟಣ ಇದ್ದರೆ ಜೊತೆಗೆ ಒಯ್ಯಿರಿ. ಮೇಲಿನ ಅಂಕಿಯಲ್ಲೇ ಅಳತೆ ಇರುತ್ತದೆ: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. 2025 ಎಂದರೆ 2.5 ಮಿ.ಮೀ. ದಪ್ಪ.

ಎಲ್ಲಿಗೆ ಹೋಗಬೇಕು ಎನ್ನುವುದು ಇಲ್ಲಿ ಜೀವದ ಪ್ರಶ್ನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಸಿಗಬಹುದು, ಆದರೆ ಎರಡು ವರ್ಷದ ಮಗುವಿಗೆ ಅರಿವಳಿಕೆ ಕೊಟ್ಟು ದುರ್ಬೀನು ಹಾಕಿ ತೆಗೆಯುವವರು ಸಾಮಾನ್ಯವಾಗಿ ದೊಡ್ಡ ಊರಿನಲ್ಲೇ ಇರುತ್ತಾರೆ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ ಆಸ್ಪತ್ರೆ ಇವೆ. ಅಥಣಿ, ರಾಯಬಾಗದ ಕಡೆಯವರು ಮೀರಜ್‌ಗೆ ಹೋಗುವುದು ಹಳೆಯ ವಾಡಿಕೆ, ಹತ್ತಿರವಾದರೆ ಅದೇ ಸರಿ. ಹೊರಡುತ್ತಲೇ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಒಂದೇ: ಈಗ, ಈ ಹೊತ್ತಿನಲ್ಲಿ, ಸಣ್ಣ ಮಗುವಿನ ಅನ್ನನಾಳದಿಂದ ಸೆಲ್ಲು ತೆಗೆಯುವ ವೈದ್ಯರು ಇದ್ದಾರೆಯೇ? ಇಲ್ಲವೆಂದರೆ ಮುಂದಿನ ನಂಬರಿಗೆ ಹಚ್ಚಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ ಬರೆಸಿಕೊಂಡು ಅಲೆಯುವಷ್ಟರಲ್ಲಿ ಆ ಎರಡು ತಾಸು ಮುಗಿದಿರುತ್ತದೆ.

ತೆಗೆದ ಮೇಲೆಯೂ ಕತೆ ಮುಗಿಯುವುದಿಲ್ಲ. ಸುಟ್ಟ ಜಾಗ ಮುಂದಿನ ದಿನಗಳಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ, ಮೂರು ವಾರದ ಮೇಲೂ ರಕ್ತನಾಳಕ್ಕೆ ತೂತು ಬಿದ್ದದ್ದಿದೆ. ಡಿಸ್ಚಾರ್ಜ್ ಆದ ಮೇಲೆ ಒಂದು ಚಮಚದಷ್ಟು ರಕ್ತ ಕಾರಿಕೊಂಡರೂ, ಮಲ ಕಪ್ಪಾದರೂ, ನೀರು ಕುಡಿದಾಗ ಕೆಮ್ಮು ಬಂದರೂ ಮರುದಿನಕ್ಕೆ ಬಿಡಬೇಡಿ.

ಅಯಸ್ಕಾಂತದ ಗುಂಡುಗಳದ್ದು ಚಿಕ್ಕ ಮಾತು: ಒಂದನ್ನು ನುಂಗಿದರೆ ಸಾಮಾನ್ಯವಾಗಿ ಹೊರಬರುತ್ತದೆ, ಎರಡಾದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ಅಂಟಿಕೊಂಡು ತೂತು ಕೊರೆಯುತ್ತವೆ. ನುಂಗಿದ್ದು ಒಂದೋ ಎರಡೋ ಖಾತ್ರಿ ಇಲ್ಲದಿದ್ದರೆ ಎರಡೆಂದೇ ಲೆಕ್ಕ. ತೆರೆದ ಪಿನ್ನೂ ಅದೇ ದಿನದ ಕೆಲಸ. ತಾಳಿಯ ಗುಂಡು, ಮೂಗುತಿಯ ಹರಳು ಹೊಟ್ಟೆಗಿಳಿದರೆ ಮಾತ್ರ ಮನೆಯವರು ಮಲವನ್ನು ಎಂದಿಲ್ಲದ ಶ್ರದ್ಧೆಯಿಂದ ಸೋಸಿ ನೋಡುತ್ತಾರೆ. ಆ ಶ್ರದ್ಧೆ ನಾಣ್ಯಕ್ಕೂ ಇರಲಿ.

ಶೇಂಗಾ, ಕಡಲೆ, ದ್ರಾಕ್ಷಿ

ಇದು ನುಂಗಿದ್ದಲ್ಲ, ದಾರಿ ತಪ್ಪಿ ಶ್ವಾಸನಾಳಕ್ಕೆ ಹೋದದ್ದು. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಶ್ವಾಸನಾಳದಿಂದ ತೆಗೆಯುವ ವಸ್ತುಗಳಲ್ಲಿ ಶೇಂಗಾದ್ದೇ ಮೇಲುಗೈ. ಕಾರಣ ಸರಳ: ಎರಡು ವರ್ಷದ ಮಗುವಿಗೆ ಕಚ್ಚುವ ಮುಂಭಾಗದ ಹಲ್ಲಿರುತ್ತದೆ, ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಾಳು ಎರಡು ಬೇಳೆಯಾಗಿ ಒಡೆಯುತ್ತದೆ, ನುಣ್ಣಗಾಗುವುದಿಲ್ಲ. ಬಾಯಲ್ಲಿ ಕಾಳು ಇರುವಾಗ ನಕ್ಕರೆ, ಅತ್ತರೆ, ಓಡಿದರೆ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಆ ಕ್ಷಣದಲ್ಲಿ ನೋಡಬೇಕಾದದ್ದು ಮಗುವಿಗೆ ಕೆಮ್ಮಲು ಬರುತ್ತಿದೆಯೇ ಎಂದು. ಸದ್ದು ಮಾಡಿ ಕೆಮ್ಮುತ್ತಿದ್ದರೆ ಮುಟ್ಟಬೇಡಿ. ಆ ಕೆಮ್ಮಿಗಿಂತ ಒಳ್ಳೆಯ ಉಪಾಯ ಯಾರ ಕೈಯಲ್ಲೂ ಇಲ್ಲ. ಸದ್ದು ನಿಂತು, ಮುಖ ನೀಲಿಗಟ್ಟಿದರೆ ಕೂಡಲೇ ಕೈ ಹಾಕಬೇಕು. ಒಂದು ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ಬೋರಲು ಹಾಕಿ, ತಲೆ ತಗ್ಗಿನಲ್ಲಿರಲಿ, ಅಂಗೈಯ ಹಿಮ್ಮಡಿಯಿಂದ ಎರಡು ಹೆಗಲೆಲುಬುಗಳ ನಡುವೆ 5 ಬಲವಾದ ಪೆಟ್ಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧದ ಮೇಲೆ 5 ಒತ್ತು. ಮತ್ತೆ 5 ಪೆಟ್ಟು, ಮತ್ತೆ 5 ಒತ್ತು. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ 5 ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಮೇಲೆ, ಎದೆಗೂಡಿಗಿಂತ ಕೆಳಗೆ ಮುಷ್ಟಿಯಿಟ್ಟು ಒಳಕ್ಕೆ ಮತ್ತು ಮೇಲಕ್ಕೆ 5 ಸಲ ಎಳೆಯಿರಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಯಕೃತ್ತು ಹರಿಯುತ್ತದೆ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ 30 ಸಲ ಎದೆ ಒತ್ತಿ, ಬಾಯಿ ತೆರೆದು ನೋಡಿ, 2 ಸಲ ಉಸಿರು ಊದಿ, ಮತ್ತೆ ಒತ್ತಿ. ಇನ್ನೊಬ್ಬರು 108ಕ್ಕೆ ಹಚ್ಚಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಆಡಿಸಬಾರದು, ಮೇಲಿದ್ದದ್ದು ಕೆಳಗೆ ಹೋಗಿ ಕೂರುತ್ತದೆ.

ಮೋಸ ಇರುವುದು ಇದರ ನಂತರ. ಜೋರು ಕೆಮ್ಮು ಹತ್ತು ನಿಮಿಷದಲ್ಲಿ ನಿಲ್ಲುತ್ತದೆ, ಮಗು ಆಡತೊಡಗುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಾಳು ಹೊರಬಿದ್ದದ್ದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಅದು ಇನ್ನೂ ಕೆಳಗಿನ ಕವಲಿಗೆ ಇಳಿದಿರುತ್ತದೆ. ಅಲ್ಲಿ ಶೇಂಗಾದ ಎಣ್ಣೆ ಒಳಪದರವನ್ನು ಕೆರಳಿಸುತ್ತದೆ, ಕಡಲೆ, ಅಲಸಂದಿ, ಹುಣಸೆ ಬೀಜಗಳಾದರೆ ತೇವ ಹೀರಿ ಉಬ್ಬುತ್ತವೆ. ವಾರದ ನಂತರ ಜ್ವರ, ಕೆಮ್ಮು, ಒಂದೇ ಬದಿಗೆ ಸುಂಯ್ ಎನ್ನುವ ಉಸಿರು. ಔಷಧಿ ಕೊಟ್ಟಾಗ ತಗ್ಗಿ, ನಿಲ್ಲಿಸಿದಾಗ ಮತ್ತೆ ಬರುವ ನ್ಯುಮೋನಿಯಾ. ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಆದ್ದರಿಂದ ವೈದ್ಯರಿಗೆ ಹೇಳಲೇಬೇಕಾದ ವಾಕ್ಯ ಒಂದಿದೆ: 'ಶೇಂಗಾ ತಿನ್ನುವಾಗ ಒಮ್ಮೆಲೇ ಕೆಮ್ಮು ಹತ್ತಿತ್ತು.' ಆ ಒಂದು ಮಾತಿನ ಮೇಲೆಯೇ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳಕ್ಕೆ ದುರ್ಬೀನು ಹಾಕಿ ನೋಡುವ ನಿರ್ಧಾರ ನಿಂತಿರುತ್ತದೆ. ಮನೆಯವರು ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದು ಕಷ್ಟ.

ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ, ಹುರಿಗಡಲೆ, ಹಸಿ ಕಡಲೆ ಕೊಡದಿರುವುದು ಇದಕ್ಕಿರುವ ಒಂದೇ ತಡೆ. ಅದರಿಂದ ಮಗುವಿಗೇನೂ ನಷ್ಟವಿಲ್ಲ. ಶೇಂಗಾ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಕೊಡಿ, ಶೇಂಗಾ ಹೋಳಿಗೆ ಕೊಡಿ. ಬೀಜವಿಲ್ಲದ ದ್ರಾಕ್ಷಿಯೂ ಹೀಗೇ. ಇಡೀ ಹಣ್ಣು ಮಗುವಿನ ಶ್ವಾಸನಾಳದ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ಮೆತ್ತಗೆ, ದುಂಡಗೆ ಇರುತ್ತದೆ. ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಬೇಕು.

ಬಾಟಲಿಯಲ್ಲಿರುವುದು

ಪಡಿತರದ ಸೀಮೆಎಣ್ಣೆ ಕಡಿಮೆಯಾಗಿದೆ, ಅದರ ಜಾಗಕ್ಕೆ ಬೇರೆ ಬಂದಿವೆ. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ನೀರಿನ ಬಾಟಲಿಯಲ್ಲಿ ಮಾರುವ ಪೆಟ್ರೋಲ್, ಪಂಪ್‌ಸೆಟ್ಟಿಗೆ ತಂದಿಟ್ಟ ಡೀಸೆಲ್, ಬಣ್ಣದ ಥಿನ್ನರ್, ಸೊಳ್ಳೆ ಯಂತ್ರದ ದ್ರವ. ಇವು ಹೊಟ್ಟೆಯಲ್ಲಿ ಮಾಡುವ ಹಾನಿ ಕಡಿಮೆ. ತೆಳ್ಳಗಿರುವುದರಿಂದ ಒಂದೇ ಗುಟುಕಿನಲ್ಲಿ ಕೆಲವು ಹನಿ ಶ್ವಾಸಕೋಶಕ್ಕೆ ಜಾರಿ ಅಲ್ಲಿ ಹರಡಿ ಉರಿಯೂತ ಎಬ್ಬಿಸುತ್ತವೆ. ವಾಂತಿ ಮಾಡಿಸಿದರೆ ಹೊಟ್ಟೆಯಲ್ಲಿದ್ದದ್ದೂ ಅದೇ ದಾರಿ ಹಿಡಿಯುತ್ತದೆ. ಹೊಟ್ಟೆ ತೊಳೆಯುವುದೂ ಇಲ್ಲಿ ಬೇಡ. ಒದ್ದೆಯಾದ ಬಟ್ಟೆ ತೆಗೆದು, ಮೈ ಸೋಪಿನಲ್ಲಿ ತೊಳೆದು ಕರೆದೊಯ್ಯಿರಿ. ಕೆಮ್ಮು, ಏದುಸಿರು ಇಲ್ಲದಿದ್ದರೂ 6ರಿಂದ 8 ತಾಸು ಆಸ್ಪತ್ರೆಯ ನಿಗಾದಲ್ಲಿರಬೇಕು.

ಟಾಯ್ಲೆಟ್ ಕ್ಲೀನರ್ ಆಸಿಡ್. ಅದಕ್ಕಿಂತ ಕೆಟ್ಟದ್ದು ಬಣ್ಣ ಹಾಕುವ ಮನೆಗಳ ಕಾಸ್ಟಿಕ್ ಸೋಡಾ. ರಬಕವಿ-ಬನಹಟ್ಟಿಯ ಕಡೆ ಮಗ್ಗದ ಮನೆಯೇ ವಾಸದ ಮನೆಯೂ ಆಗಿರುವಲ್ಲಿ ನೂಲಿಗೆ ಬಣ್ಣ ಕಟ್ಟುವ ಸೋಡಾ ಚೂರುಗಳು ಸಾಬುದಾಣಿಯಂತೆ ಬೆಳ್ಳಗೆ ಕಾಣುತ್ತವೆ. ಆಸಿಡ್ ಬಾಯಿಗೆ ಬಿದ್ದ ಕೂಡಲೇ ಉರಿದು ಮಗು ಉಗುಳಬಹುದು, ಕ್ಷಾರ ಅಂಗಾಂಶವನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತದೆ. ನಿಂಬೆರಸ, ಹುಣಸೆ ನೀರು ಹಾಕಿ 'ಮುರಿಯುವ' ಯತ್ನ ಬೇಡ, ಅದರಿಂದ ಬಿಸಿ ಹುಟ್ಟಿ ಇನ್ನಷ್ಟು ಸುಡುತ್ತದೆ. ಬಾಯಿ ಒರೆಸಿ, ನೀರಿನಿಂದ ತೊಳೆದು ಹೊರಡಿ. ತುಟಿ, ನಾಲಿಗೆ ಸುಟ್ಟಿಲ್ಲವೆಂದರೆ ಒಳಗೂ ಸುಟ್ಟಿಲ್ಲ ಎಂದರ್ಥವಲ್ಲ. ಮೊದಲ ದಿನದೊಳಗೆ ಎಂಡೋಸ್ಕೋಪಿ ಮಾಡಿದರೆ ಮಾತ್ರ ತಿಳಿಯುತ್ತದೆ. ವಾರಗಳ ನಂತರ ಅನ್ನನಾಳ ಸೊರಗಿ ಕಿರಿದಾದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹಿಗ್ಗಿಸುವ ಚಿಕಿತ್ಸೆ.

ತಿಕೋಟಾ, ಜಮಖಂಡಿ, ತೆಲಸಂಗದ ದ್ರಾಕ್ಷಿ ತೋಟಗಳ ಶೆಡ್ಡುಗಳಿಗೆ ಅವುಗಳದ್ದೇ ಪಟ್ಟಿ ಇದೆ. ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಬಳ್ಳಿಯ ಕಣ್ಣು ಒಡೆದು ಚಿಗುರಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ಚರ್ಮ, ಬಾಯಿ ಸುಡುತ್ತದೆ. ಮಣೂಕಕ್ಕೆ (ಒಣದ್ರಾಕ್ಷಿಗೆ) ದ್ರಾಕ್ಷಿ ಅದ್ದುವ ದ್ರಾವಣದಲ್ಲಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಇರುತ್ತದೆ. ಅದು ಕ್ಷಾರವೇ, ಅದರ ಪುಡಿ ಇನ್ನೂ ತೀಕ್ಷ್ಣ. ಇವೆಲ್ಲದರ ಮೇಲೆ ಕೀಟನಾಶಕಗಳು. ಆರ್ಗನೋಫಾಸ್ಫೇಟ್ ಹೊಟ್ಟೆಗೆ ಹೋದರೆ ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು, ಬೆವರು, ಮಾಂಸಖಂಡ ಅದುರುವುದು ಶುರುವಾಗುತ್ತದೆ. ಇಲ್ಲಿ ಸೆಲ್ಲಿನ ಲೆಕ್ಕ ತಿರುಗುಮುರುಗು: ದೂರದ ದೊಡ್ಡ ಆಸ್ಪತ್ರೆಯನ್ನು ಹುಡುಕಬೇಡಿ, ಅತಿ ಹತ್ತಿರದ್ದಕ್ಕೆ ಹೋಗಿ. ಆಟ್ರೋಪಿನ್ ಚುಚ್ಚುಮದ್ದು ಮೊದಲು ಬೀಳಲಿ, ಮುಂದಿನ ಪ್ರಯಾಣ ಆಮೇಲೆ. ಬಟ್ಟೆ ಕಳಚಿ, ಮೈ ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಿ.

ಗುಳಿಗೆ, ಕರ್ಪೂರ, ಇಲಿ ಪೇಸ್ಟ್

ಬಸುರಿಗೆ ಸರಕಾರ ಕೊಡುವ ಕೆಂಪು ಗುಳಿಗೆಯೊಂದರಲ್ಲಿ 60 ಮಿ.ಗ್ರಾಂ. ಕಬ್ಬಿಣ ಇರುತ್ತದೆ. ಮಗುವಿನ ತೂಕದ ಪ್ರತಿ ಕಿಲೋಗೆ 20 ಮಿ.ಗ್ರಾಂ. ದಾಟಿದರೆ ವಿಷದ ಲಕ್ಷಣ, 60 ದಾಟಿದರೆ ಪ್ರಾಣಾಪಾಯ. 10 ಕಿಲೋ ತೂಗುವ ಕೂಸಿಗೆ ನಾಲ್ಕು ಗುಳಿಗೆ ಮೊದಲ ಗೆರೆ ದಾಟಿಸುತ್ತವೆ, ಹತ್ತರ ಸ್ಟ್ರಿಪ್ಪು ಎರಡನೆಯದನ್ನು ಮುಟ್ಟುತ್ತದೆ. ಕೆಂಪು, ಹೊಳಪು, ಪೆಪ್ಪರಮಿಂಟಿನಂಥದ್ದೇ ನೋಟ. ಮೊದಲ ಆರು ತಾಸು ವಾಂತಿ-ಭೇದಿ, ಆಮೇಲೆ ಒಂದಷ್ಟು ಹೊತ್ತು ಎಲ್ಲ ಸರಿಹೋದಂತೆ ಕಾಣುತ್ತದೆ, ಅದರ ಹಿಂದೆಯೇ ಯಕೃತ್ತು ಕೈಕೊಡುತ್ತದೆ. ಮನೆಯವರು ಆಸ್ಪತ್ರೆ ಬಿಟ್ಟು ಹೊರಡುವುದು ಆ ನಡುವಿನ ಹೊತ್ತಿನಲ್ಲೇ.

ಅಜ್ಜನ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನಂಥ ಗುಳಿಗೆ ಒಂದೇ ಸಾಕು ಮಗುವಿನ ಸಕ್ಕರೆ ಕುಸಿಯಲು, ಅದೂ ತಾಸುಗಟ್ಟಲೆ ತಡವಾಗಿ. ಎಚ್ಚರವಿದ್ದರೆ ದಾರಿಯಲ್ಲಿ ಸಕ್ಕರೆ ನೀರು ಕುಡಿಸಬಹುದು, ಇಡೀ ದಿನದ ನಿಗಾ ತಪ್ಪದು. ದೇವರ ಗೂಡಿನ ಕರ್ಪೂರ ಒಂದೂವರೆ ತಾಸಿನೊಳಗೆ ಫಿಟ್ಸ್ ತರಬಲ್ಲದು, ವಾಂತಿ ಮಾಡಿಸುವಾಗಲೇ ಫಿಟ್ಸ್ ಬಂದರೆ ಎರಡು ಆಪತ್ತು. ಟ್ರಂಕಿನ ನುಸಿಗುಳಿಗೆಗೆ ಹಾಲು, ತುಪ್ಪ ಕೊಡುವುದು ತಪ್ಪು, ಜಿಡ್ಡು ಅದನ್ನು ಬೇಗ ಹೀರಿಸುತ್ತದೆ. ಎರಡು-ಮೂರು ದಿನದಲ್ಲಿ ಮೂತ್ರ ಕಪ್ಪುಗೆಂಪಾದರೆ ರಕ್ತಕಣ ಒಡೆಯುತ್ತಿವೆ ಎಂದರ್ಥ. ರೊಟ್ಟಿ ಚೂರಿಗೆ ಹಚ್ಚಿಡುವ ಹಳದಿ ರಂಜಕದ ಇಲಿ ಪೇಸ್ಟ್ ಇವೆಲ್ಲಕ್ಕಿಂತ ವಂಚಕ. ಮೊದಲ ದಿನದ ವಾಂತಿ ನಿಂತು ಮಗು ಗೆಲುವಾಗಿ ಕಾಣುತ್ತದೆ, ಮೂರನೆಯ ದಿನದ ಸುಮಾರಿಗೆ ಕಾಮಾಲೆ.

ತಡವಾಗುವುದಕ್ಕೆ ತಿಳಿವಳಿಕೆಯ ಕೊರತೆಯೊಂದೇ ಕಾರಣವಲ್ಲ. 'ಕೂಸು ನೋಡಾಕ ಬರೂದಿಲ್ಲೇನ' ಎಂಬ ಬೈಗುಳಕ್ಕೆ ಹೆದರಿ ಸೊಸೆ ಬಾಯಿ ಬಿಡುವುದಿಲ್ಲ. ವಿಷದ ಪ್ರಕರಣವೆಂದರೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಬರೆದು ಪೊಲೀಸರಿಗೆ ತಿಳಿಸುತ್ತಾರೆಂದು ಗಂಡಸರು ಸಣ್ಣ ದವಾಖಾನೆ ಹುಡುಕುತ್ತಾರೆ, ಇಲ್ಲವೇ 'ಏನೋ ಹಳಸಿದ್ದು ತಿಂದೈತಿ' ಎನ್ನುತ್ತಾರೆ. ಎಂಎಲ್‌ಸಿ ರೂಢಿಯ ದಾಖಲೆ, ಅದರಿಂದಲೇ ಯಾರೂ ಆರೋಪಿಯಾಗುವುದಿಲ್ಲ. ಹಳಸಿದ ಊಟಕ್ಕೂ ಆರ್ಗನೋಫಾಸ್ಫೇಟಿಗೂ ಕೊಡುವ ಮದ್ದು ಬೇರೆ ಬೇರೆ, ಸುಳ್ಳು ಹೇಳಿದರೆ ವೈದ್ಯರು ತಪ್ಪು ಮದ್ದಿನಿಂದ ಶುರು ಮಾಡುತ್ತಾರೆ.

ಹೊರಡುವಾಗ ಬಾಟಲಿ ಅಥವಾ ಸ್ಟ್ರಿಪ್ ಚೀಲಕ್ಕೆ ಹಾಕಿಕೊಳ್ಳಿ, ಉಳಿದ ಗುಳಿಗೆ ಎಣಿಸಿ, ಕೊನೆಯ ಸಲ ಮಗು ಆರಾಮಾಗಿ ಕಂಡ ಹೊತ್ತು ಮತ್ತು ಅದರ ತೂಕ ನೆನಪಿಟ್ಟುಕೊಳ್ಳಿ. ತೂಕ ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ಇರುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲಿರುಳೂ ಇರುತ್ತದೆ. ಹಳ್ಳಿಯ ವೈದ್ಯರೂ ಅದಕ್ಕೆ ಕರೆ ಮಾಡಿ, ಡಬ್ಬಿಯ ಮೇಲಿನ ಹೆಸರು ಓದಿ ಹೇಳಿ ಮುಂದೇನು ಎಂದು ಕೇಳಬಹುದು.